ಟೆನಿಸ್ ಚೆಂಡು ಹಳದಿ ಆಗಿದ್ದು ಹೇಗೆ?

ಟೆನಿಸ್ ಚೆಂಡಿನ ಬಣ್ಣ ಯಾವುದು ಅಂತ ಕೇಳಿದರೆ ಈಗ ಯಾರೂ ಯೋಚನೆ ಮಾಡುವುದಿಲ್ಲ. ಹಳದಿ. ಅರವತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ಉತ್ತರ ಬಿಳಿ ಅಂತ ಇತ್ತು. ಅಂಗಳದ ಬಣ್ಣಕ್ಕೆ ತಕ್ಕಂತೆ ಕೆಲವು ಕಡೆ ಕಪ್ಪು ಚೆಂಡೂ ಬಳಕೆಯಲ್ಲಿತ್ತು. 1972ರಲ್ಲಿ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಹಳದಿ ಚೆಂಡಿಗೆ ನಿಯಮದಲ್ಲಿ ಜಾಗ ಕೊಟ್ಟಿತು. ಆಟಗಾರರು ಕೇಳಿದರು ಅಂತಲ್ಲ. ಅಂಗಳದ ಸುತ್ತ ಕೂತವರಿಗೆ ಕಾಣುತ್ತಿರಲಿಲ್ಲ ಅಂತಲೂ ಅಲ್ಲ. ಮನೆಯಲ್ಲಿ ಕಲರ್ ಟಿವಿ ಮುಂದೆ ಕೂತವರ ಕಣ್ಣಿಗೆ ಹಳದಿ ಚೆಂಡು ಚೆನ್ನಾಗಿ ಸಿಗುತ್ತದೆ ಅಂತ ಪರೀಕ್ಷೆ ಮಾಡಿ ಕಂಡುಕೊಂಡಿದ್ದರು. ಅದೇ ಕಾರಣ.

ಫುಟ್‌ಬಾಲ್ ಕಥೆಯೂ ಹೀಗೇ. ಮಕ್ಕಳು ಇವತ್ತಿಗೂ ಫುಟ್‌ಬಾಲ್ ಚಿತ್ರ ಬರೆಯುವಾಗ ಕಪ್ಪು ಬಿಳುಪಿನ ತುಂಡುಗಳನ್ನು ಬಿಡಿಸುತ್ತಾರೆ ಅಲ್ವಾ? ಆ ಚೆಂಡು 1970ರ ಮೆಕ್ಸಿಕೊ ವಿಶ್ವಕಪ್‌ನದು. 20 ಬಿಳಿ ತುಂಡು, 12 ಕಪ್ಪು ತುಂಡು. ಆಗ ಹೆಚ್ಚಿನ ಮನೆಗಳಲ್ಲಿದ್ದದ್ದು ಕಪ್ಪು ಬಿಳುಪು ಟಿವಿ. ಆ ಪರದೆಯ ಮೇಲೆ ಎದ್ದು ಕಾಣಲಿ ಅಂತಲೇ ಆ ವಿನ್ಯಾಸ. ಹೆಸರು ಟೆಲ್‌ಸ್ಟಾರ್, ಅಂದರೆ ಟೆಲಿವಿಷನ್‌ನ ತಾರೆ. ಮುಚ್ಚುಮರೆಯೇ ಇಲ್ಲ.

ಇವು ಬರೀ ಬಣ್ಣದ ಮಾತು, ಬಿಡಿ ಅನ್ನಬಹುದು. ಹಾಗಾದರೆ ನಿಯಮಕ್ಕೆ ಬರೋಣ. 1969ರ ವಿಂಬಲ್ಡನ್‌ನಲ್ಲಿ ಪಾಂಚೊ ಗೊನ್ಜಾಲೆಸ್ ಮತ್ತು ಚಾರ್ಲಿ ಪಾಸರೆಲ್ ಎರಡು ದಿನ ಆಡಿದರು. 112 ಗೇಮ್, 5 ಗಂಟೆ 12 ನಿಮಿಷ. ಮೊದಲ ಸೆಟ್ ಒಂದೇ 46 ಗೇಮ್ ಹಿಡಿಯಿತು. ನೋಡುವವರಿಗೆ ಅದೊಂದು ಮಹಾಯುದ್ಧ. ಟಿವಿಯವರಿಗೆ ತಲೆನೋವು. ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಿಲ್ಲದ ಆಟವನ್ನು ಕಾರ್ಯಕ್ರಮಗಳ ಪಟ್ಟಿಯಲ್ಲಿ ಎಲ್ಲಿ ಕೂರಿಸುವುದು? ಮರುವರ್ಷ ಯುಎಸ್ ಓಪನ್ ಟೈಬ್ರೇಕ್ ತಂದಿತು, ಅಂದರೆ ಸಮಸಮ ನಡೆಯುತ್ತಿರುವ ಸೆಟ್ಟನ್ನು ಬೇಗ ಮುಗಿಸುವ ನಿಯಮ. 1971ರಲ್ಲಿ ವಿಂಬಲ್ಡನ್ ಕೂಡ ತಂದಿತು. ಟಿವಿ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆಟಗಾರರ ಸುಸ್ತು, ಮುಂದಿನ ಪಂದ್ಯಗಳ ವೇಳಾಪಟ್ಟಿ, ಎಲ್ಲವೂ ಇತ್ತು. ಆದರೆ ಟಿವಿಗೆ ಅದು ಹೇಳಿ ಮಾಡಿಸಿದಂತೆ ಒದಗಿತು.

ಮಾಧ್ಯಮ ಸಮಾಜವನ್ನು ಹೇಗೆ ಬದಲಿಸುತ್ತದೆ ಅಂದಾಗ ನಾವು ಸಾಮಾನ್ಯವಾಗಿ ಜನರ ತಲೆಯೊಳಗೆ ಹುಡುಕುತ್ತೇವೆ. ಈ ಸುದ್ದಿ ನೋಡಿ ಜನ ಕೆಟ್ಟರು, ಆ ಜಾಹೀರಾತು ನೋಡಿ ಮರುಳಾದರು, ಹೀಗೆ. ನನಗೆ ಅನ್ನಿಸುವುದು, ಜಾಸ್ತಿ ಬದಲಾವಣೆ ನಡೆಯುವುದು ಅಲ್ಲಲ್ಲ. ಅದು ನಡೆಯುವುದು ಆಟದ ನಿಯಮದಲ್ಲಿ, ಭಾಷಣದ ಉದ್ದದಲ್ಲಿ, ಕೂರುವ ಜಾಗದಲ್ಲಿ, ಚೆಂಡಿನ ಬಣ್ಣದಲ್ಲಿ. ತಲೆಗಿಂತ ಮೊದಲು ವ್ಯವಸ್ಥೆ ಬಗ್ಗುತ್ತದೆ.

ಮಂಗಳ ಗ್ರಹದ ದಾಳಿ

ಮೊದಲು ಆ ಹಳೆಯ ನಂಬಿಕೆಯನ್ನೇ ನೋಡೋಣ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಮಾಧ್ಯಮವನ್ನು ಇಂಜೆಕ್ಷನ್ ತರಹ ಕಲ್ಪಿಸಿಕೊಳ್ಳುತ್ತಿದ್ದರು. ಸೂಜಿ ಚುಚ್ಚಿದರೆ ಸಾಕು, ಅಭಿಪ್ರಾಯ ರಕ್ತಕ್ಕೆ ಸೇರುತ್ತದೆ. ಇದಕ್ಕೆ ಸಾಕ್ಷಿಯಾಗಿ ಎಲ್ಲರೂ ಕೊಡುವ ಉದಾಹರಣೆ ಒಂದಿದೆ. 1938ರ ಅಕ್ಟೋಬರ್‌ನಲ್ಲಿ ಅಮೆರಿಕದ ರೇಡಿಯೊದಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿ ಇಟ್ಟ ನಾಟಕವೊಂದು ಸುದ್ದಿ ಪ್ರಸಾರದ ಧಾಟಿಯಲ್ಲಿ ಬಂತು. ದೇಶಕ್ಕೆ ದೇಶವೇ ಗಾಬರಿಬಿದ್ದು ಬೀದಿಗೆ ಓಡಿತು ಅಂತ ಮಾರನೇ ದಿನದ ಪೇಪರ್‌ಗಳು ಬರೆದವು.

ಆಮೇಲೆ ಕೂತು ಲೆಕ್ಕ ಹಾಕಿದವರಿಗೆ ಬೇರೆಯೇ ಕಂಡಿತು. ಆ ರಾತ್ರಿ ಆ ನಾಟಕ ಕೇಳಿದವರೇ ಕಮ್ಮಿ. ಬೇರೆ ಸ್ಟೇಷನ್‌ನಲ್ಲಿ ಅದಕ್ಕಿಂತ ಜನಪ್ರಿಯ ಕಾರ್ಯಕ್ರಮ ಇತ್ತು. ಹೆದರಿದವರು ಇದ್ದರು, ನಿಜ. ಬೀದಿಗೆ ಓಡಿದ ದೇಶ ಮಾತ್ರ ಇದ್ದದ್ದು ಪೇಪರ್‌ಗಳಲ್ಲಿ. ಆಗ ಜಾಹೀರಾತಿನ ದುಡ್ಡನ್ನು ರೇಡಿಯೊ ಕಿತ್ತುಕೊಳ್ಳುತ್ತಿತ್ತು. ರೇಡಿಯೊವನ್ನು ನಂಬಬೇಡಿ ಅಂತ ಹೇಳಲು ಪೇಪರಿನವರಿಗೆ ಒಳ್ಳೇ ಅವಕಾಶ ಸಿಕ್ಕಿತು. ಅಂದರೆ ಮಾಧ್ಯಮದ ಶಕ್ತಿ ಬಗ್ಗೆ ನಮ್ಮಲ್ಲಿರುವ ದೊಡ್ಡ ಕಥೆಯನ್ನು ಕಟ್ಟಿದ್ದೂ ಇನ್ನೊಂದು ಮಾಧ್ಯಮವೇ.

ಎರಡು ವರ್ಷದ ನಂತರ, 1940ರಲ್ಲಿ, ಪಾಲ್ ಲಾಜರ್ಸ್‌ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞರ ತಂಡ ಒಹಾಯೊ ರಾಜ್ಯದ ಒಂದು ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿತು. ಪ್ರಚಾರ ಕೇಳಿ ಪಕ್ಷ ಬದಲಿಸಿದವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಮೊದಲೇ ಒಪ್ಪಿದ್ದನ್ನೇ ಓದುತ್ತಿದ್ದರು, ಕೇಳುತ್ತಿದ್ದರು. ಮನಸ್ಸು ಬದಲಿಸುವುದರಲ್ಲಿ ರೇಡಿಯೊ ಪೇಪರ್‌ಗಳಿಗಿಂತ ಪರಿಚಯದವರ ಮಾತಿನ ತೂಕ ಜಾಸ್ತಿ ಇತ್ತು.

ಹಾಗಾದರೆ ಮಾಧ್ಯಮಕ್ಕೆ ಅಂಥ ಶಕ್ತಿ ಏನೂ ಇಲ್ಲವಾ? ಒಂದಷ್ಟು ಕಾಲ ಹಾಗೇ ಅಂದುಕೊಂಡರು ಕೂಡ. ಆದರೆ ಅವರು ಅಳೆಯುತ್ತಿದ್ದದ್ದು ಒಂದು ಪ್ರಚಾರ, ಒಂದು ಚುನಾವಣೆ, ಒಂದು ಅಭಿಪ್ರಾಯ. ಅಚ್ಚಿನ ಕೆಲಸವನ್ನು ಹಾಗೆ ಅಳೆಯಲು ಆಗುವುದಿಲ್ಲ.

ಅಚ್ಚು

ಕನ್ನಡದಲ್ಲಿ ಪುಸ್ತಕ ಮುದ್ರಿಸುವುದಕ್ಕೂ ಅಚ್ಚು, ಇಟ್ಟಿಗೆಗೆ ಆಕಾರ ಕೊಡುವ ಚೌಕಟ್ಟಿಗೂ ಅಚ್ಚು. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಅಚ್ಚು ಮಣ್ಣಿಗೆ ಏನೂ ಹೇಳುವುದಿಲ್ಲ. ಮಣ್ಣು ಅದರೊಳಗೆ ಹೋಗಿ ಬರುತ್ತದೆ, ಅಷ್ಟೇ. ಬಂದ ಮೇಲೆ ಚೌಕವಾಗಿರುತ್ತದೆ.

ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದವನು ವಿಲಿಯಂ ಕ್ಯಾಕ್ಸ್ಟನ್. ಇಸವಿ 1476. ಅವನು 1490ರಲ್ಲಿ ಒಂದು ಪುಸ್ತಕದ ಮುನ್ನುಡಿಯಲ್ಲಿ ಬರೆದ ಪ್ರಸಂಗ ನನಗೆ ತುಂಬಾ ಇಷ್ಟ. ಥೇಮ್ಸ್ ನದಿಯಿಂದ ಹೊರಟ ಹಡಗೊಂದು ಗಾಳಿ ಇಲ್ಲದೆ ನಿಂತಿತು. ವ್ಯಾಪಾರಿಗಳು ದಡಕ್ಕೆ ಇಳಿದರು. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ಮೊಟ್ಟೆ ಕೇಳಿದ. 'ಎಗ್ಗೆಸ್' ಅಂದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಅಂದುಬಿಟ್ಟಳು. ವ್ಯಾಪಾರಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ 'ಐರನ್' ಬೇಕಂತೆ ಅಂದ. ಆಗ ಆಕೆಗೆ ಅರ್ಥವಾಯಿತು. ಎರಡೂ ಇಂಗ್ಲಿಷ್ ಪದಗಳೇ. ಒಂದು ಒಂದು ಸೀಮೆಯದು, ಇನ್ನೊಂದು ಇನ್ನೊಂದು ಸೀಮೆಯದು.

ಕ್ಯಾಕ್ಸ್ಟನ್‌ನ ಪ್ರಶ್ನೆ ಏನೆಂದರೆ, ಈಗ ನಾನು ಏನಂತ ಅಚ್ಚು ಹಾಕಲಿ? ಎಗ್ಗೆಸ್ ಅಂತಲೋ, ಐರನ್ ಅಂತಲೋ? ಕೈಯಲ್ಲಿ ನಕಲು ಮಾಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಪ್ರತಿಯೊಬ್ಬ ಲಿಪಿಕಾರ ತನ್ನ ಸೀಮೆಯ ಪದ ಹಾಕಿಕೊಳ್ಳುತ್ತಿದ್ದ. ನೂರಾರು ಪ್ರತಿ ಒಂದೇ ಸಲ ಹೊರಬರುವಾಗ ಒಂದನ್ನು ಆರಿಸಲೇಬೇಕು. ಲಂಡನ್ ಸುತ್ತಲಿನ ಮಾತಿಗೆ ಮುದ್ರಕರ ಒಲವು ಇತ್ತು. ನಿಧಾನಕ್ಕೆ ಅದು 'ಸರಿಯಾದ' ಇಂಗ್ಲಿಷ್ ಆಯಿತು, ಉಳಿದವು 'ಹಳ್ಳಿ ಮಾತು' ಆದವು. ಯಾರನ್ನೂ ಕೀಳು ಮಾಡಬೇಕು ಅಂತ ಕ್ಯಾಕ್ಸ್ಟನ್ ಹೊರಟಿರಲಿಲ್ಲ. ಅವನಿಗೆ ಪುಸ್ತಕ ಮಾರಬೇಕಿತ್ತು. ಮುಂದೆ ಶಾಲೆಗಳು ಬಂದಾಗ ಅದೇ ಅಚ್ಚಾದ ಭಾಷೆಯನ್ನು ಕಲಿಸಿದವು, ಪರೀಕ್ಷೆ ಮಾಡಿದವು, ತಪ್ಪು ಹಿಡಿದವು. ಕಾಗುಣಿತ ತಪ್ಪು ಅನ್ನುವುದು ಒಂದು ಅವಮಾನ ಆಗಿದ್ದೂ ಅಚ್ಚಿನ ನಂತರವೇ.

ಮಾರ್ಟಿನ್ ಲೂಥರ್ ಅನ್ನುವ ಜರ್ಮನ್ ಪಾದ್ರಿ, 1517, ಕ್ರೈಸ್ತ ಚರ್ಚ್ ಎರಡು ಪಂಗಡವಾಗಿ ಒಡೆದದ್ದು, ಈ ಕಥೆ ಎಲ್ಲರೂ ಹೇಳುತ್ತಾರೆ. ಅದನ್ನು ಇಲ್ಲಿ ಎಳೆಯುವುದಿಲ್ಲ. ಒಂದೇ ಮಾತು. ಲೂಥರ್ ವಿರೋಧಿಸಿದ ಪಾಪ ಪರಿಹಾರದ ಚೀಟಿಗಳನ್ನು ಚರ್ಚ್ ಸಾವಿರಗಟ್ಟಲೆ ಹಂಚಲು ಸಾಧ್ಯವಾದದ್ದೂ ಮುದ್ರಣದಿಂದಲೇ. 1454-55ರ ಹೊತ್ತಿಗೇ ಅಂಥ ಚೀಟಿಗಳು ಮೈಂಟ್ಸ್ ಊರಿನಲ್ಲಿ ಅಚ್ಚಾಗಿದ್ದವು. ಯಂತ್ರಕ್ಕೆ ಪಕ್ಷ ಇರಲಿಲ್ಲ. ಆದರೆ ಜಗಳದ ಗಾತ್ರವನ್ನು ಅದು ನಿರ್ಧರಿಸಿತು.

ಹಾಡಿನ ವಿಷಯಕ್ಕೆ ಬಂದರೆ ಅಚ್ಚು ಇನ್ನೂ ಚೆನ್ನಾಗಿ ಕಾಣುತ್ತದೆ. 1902ರ ನವೆಂಬರ್‌ನಲ್ಲಿ ಗಾಯಕಿ ಗೌಹರ್ ಜಾನ್ ಕಲ್ಕತ್ತದಲ್ಲಿ ಗ್ರಾಮೊಫೋನ್ ಕೊಳವೆಯ ಮುಂದೆ ನಿಂತು ಹಾಡಿದರು. ಬೈಠಕ್‌ನಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಸಂಪ್ರದಾಯದವರು ಅವರು. ತಟ್ಟೆಯಲ್ಲಿ ಜಾಗ ಇದ್ದದ್ದು ಮೂರು ನಿಮಿಷದ ಆಸುಪಾಸು. ಆಲಾಪ ಕತ್ತರಿಸಬೇಕು, ಬಂದಿಶ್ ಮುಟ್ಟಿಸಬೇಕು, ಒಂದೆರಡು ತಾನ್ ಹಾರಿಸಬೇಕು, ಮುಗಿಸಬೇಕು. ಕೊನೆಗೆ ಅವರು ಇಂಗ್ಲಿಷ್‌ನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಕೇಳುಗರಿಗೆ ಅಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿ ಲೇಬಲ್ ಅಂಟಿಸುವವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಿತ್ತು! ಆ ಘೋಷಣೆಯೇ ಆಮೇಲೆ ಅವರ ಗುರುತಾಯಿತು.

ಸಿನಿಮಾ ಹಾಡು, ಪಾಪ್ ಹಾಡು ಮೂರು ನಾಲ್ಕು ನಿಮಿಷ ಇರುವುದು ಮನುಷ್ಯನ ಕಿವಿಯ ಸಹಜ ಅಳತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮೊಫೋನ್ ತಟ್ಟೆಯ ಅಳತೆ. ತಟ್ಟೆ ಹೋಯಿತು, ಅಳತೆ ಉಳಿಯಿತು. ಈಗ ಸ್ಟ್ರೀಮಿಂಗ್ ಬಂದಿದೆ. ಸ್ಪಾಟಿಫೈಯಲ್ಲಿ ಹಾಡನ್ನು 30 ಸೆಕೆಂಡ್ ಕೇಳಿದರೆ ಮಾತ್ರ ಅದು ಒಂದು ಕೇಳುವಿಕೆ ಅಂತ ಲೆಕ್ಕ. ಹಾಗಿರುವಾಗ ಒಂದು ನಿಮಿಷದ ನಿಧಾನ ಪೀಠಿಕೆ ಹಾಕುವ ಧೈರ್ಯ ಯಾರಿಗಿದೆ?

ಏನು ಯೋಚಿಸಬೇಕು, ಯಾವುದರ ಬಗ್ಗೆ ಯೋಚಿಸಬೇಕು

1968ರ ಅಮೆರಿಕ ಅಧ್ಯಕ್ಷ ಚುನಾವಣೆ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ ಅನ್ನುವ ಇಬ್ಬರು ಚ್ಯಾಪೆಲ್ ಹಿಲ್ ಊರಿನಲ್ಲಿ ಇನ್ನೂ ನಿರ್ಧಾರ ಮಾಡಿರದ 100 ಮತದಾರರನ್ನು ಮಾತಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಯಾವುವು ಅಂತ ಕೇಳಿದರು. ಇನ್ನೊಂದು ಕಡೆ ಆ ಊರಿಗೆ ಬರುವ ಪೇಪರ್, ಟಿವಿ ಸುದ್ದಿ ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿವೆ ಅಂತ ಅಳೆದರು. ಎರಡು ಪಟ್ಟಿಗಳೂ ಹೆಚ್ಚುಕಮ್ಮಿ ಒಂದೇ ಕ್ರಮದಲ್ಲಿದ್ದವು. ಜನ ಯಾರಿಗೆ ಮತ ಹಾಕಬೇಕು ಅನ್ನುವುದನ್ನು ಮಾಧ್ಯಮ ಹೇಳಿರಲಿಲ್ಲ. ಯಾವ ವಿಷಯ ಇಟ್ಟುಕೊಂಡು ಜಗಳ ಆಡಬೇಕು ಅನ್ನುವುದನ್ನು ಹೇಳಿತ್ತು. 1972ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನದಿಂದ 'ಅಜೆಂಡಾ ಸೆಟ್ಟಿಂಗ್' ಅನ್ನುವ ಮಾತು ಹುಟ್ಟಿತು.

ಇದನ್ನು ನೀವೇ ಪರೀಕ್ಷಿಸಬಹುದು. ಈ ವಾರ ನೀವು ಯಾರ ಜೊತೆ ಯಾವ ವಿಷಯಕ್ಕೆ ವಾದ ಮಾಡಿದಿರಿ ಅಂತ ನೆನಪಿಸಿಕೊಳ್ಳಿ. ನಿಮ್ಮ ಅಭಿಪ್ರಾಯ ನಿಮ್ಮದೇ ಇರಬಹುದು. ವಿಷಯ ನಿಮ್ಮದಾ?

ಇದರ ಇನ್ನೊಂದು ಮಗ್ಗುಲು ಇನ್ನೂ ನಿಧಾನ. ಜಾರ್ಜ್ ಗರ್ಬ್‌ನರ್ ಅನ್ನುವವರು 1960ರ ದಶಕದ ಕೊನೆಯಿಂದ ಟಿವಿ ಕಾರ್ಯಕ್ರಮಗಳಲ್ಲಿನ ಹೊಡೆದಾಟಗಳನ್ನು ಕೂತು ಎಣಿಸಿದರು. ಆಮೇಲೆ ನೋಡುಗರನ್ನು ಕೇಳಿದರು. ಟಿವಿ ಜಾಸ್ತಿ ನೋಡುವವರಿಗೆ ಹೊರಗಿನ ಪ್ರಪಂಚ ನಿಜಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತಿತ್ತು. ಟಿವಿ ನೋಡಿ ಹಿಂಸೆ ಕಲಿಯುತ್ತಾರೆ ಅಂತ ಎಲ್ಲರೂ ಚಿಂತೆ ಮಾಡುತ್ತಿದ್ದಾಗ, ಇಲ್ಲ, ಹೆದರಿಕೆ ಕಲಿಯುತ್ತಾರೆ ಅಂದರು ಗರ್ಬ್‌ನರ್. ಹೆದರಿದವರು ಹೆಚ್ಚು ಪೊಲೀಸ್ ಬೇಕು, ಕಠಿಣ ಕಾನೂನು ಬೇಕು ಅನ್ನುತ್ತಾರೆ. ಟಿವಿಗೂ ಹೆದರಿಕೆಗೂ ಇರುವ ನಂಟು ಅವರು ಅಂದುಕೊಂಡಷ್ಟು ಗಟ್ಟಿಯಲ್ಲ ಅಂತ ಆಮೇಲೆ ಬೇಕಾದಷ್ಟು ಟೀಕೆ ಬಂದಿದೆ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಮನೆಯೊಳಗೆ

ಬ್ರೆಜಿಲ್ ದೇಶದಲ್ಲಿ 1960ರಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. 2000ದ ಹೊತ್ತಿಗೆ ಎರಡು ಚಿಲ್ಲರೆ. ಸರ್ಕಾರ ಕುಟುಂಬ ಯೋಜನೆಯ ದೊಡ್ಡ ಕಾರ್ಯಕ್ರಮವನ್ನೇನೂ ನಡೆಸಿರಲಿಲ್ಲ. ನಗರಗಳು ಬೆಳೆದವು, ಹೆಣ್ಣುಮಕ್ಕಳು ಓದಿದರು, ಇವೆಲ್ಲ ಕಾರಣ ಇದ್ದೇ ಇವೆ. ಜೊತೆಗೆ ಇನ್ನೊಂದು ನಡೆಯುತ್ತಿತ್ತು. ಗ್ಲೋಬೊ ಅನ್ನುವ ಟಿವಿ ಜಾಲ ಒಂದೊಂದೇ ಪ್ರದೇಶಕ್ಕೆ ಹರಡುತ್ತಾ ಹೋಯಿತು. ಸಂಜೆಯಾದರೆ ಅದರ ಧಾರಾವಾಹಿಗಳು.

ಅರ್ಥಶಾಸ್ತ್ರಜ್ಞರ ತಂಡವೊಂದು 1965ರಿಂದ 1999ರವರೆಗಿನ 115 ಧಾರಾವಾಹಿಗಳನ್ನು ಬಿಡಿಸಿ ನೋಡಿತು. 50 ವರ್ಷದೊಳಗಿನ ಮುಖ್ಯ ಸ್ತ್ರೀ ಪಾತ್ರಗಳಲ್ಲಿ 62% ಪಾತ್ರಗಳಿಗೆ ಮಕ್ಕಳೇ ಇರಲಿಲ್ಲ. 21% ಪಾತ್ರಗಳಿಗೆ ಒಂದೇ ಮಗು. ಯಾರೋ ಜನಸಂಖ್ಯೆ ಇಳಿಸಲು ಹೀಗೆ ಬರೆದದ್ದಲ್ಲ. ಆರು ಮಕ್ಕಳಿರುವ ನಾಯಕಿಯನ್ನು ಇಟ್ಟುಕೊಂಡು ಪ್ರೇಮ, ಸಂಚು, ವಿರಹ ಬರೆಯುವುದು ಕಷ್ಟ, ಪ್ರತಿ ದೃಶ್ಯದಲ್ಲೂ ಮಕ್ಕಳನ್ನು ಎಲ್ಲಿಗೆ ಕಳಿಸುವುದು? ಹೀಗೆ ಬಂದಿರಬಹುದು ಅಂತ ನನ್ನ ಊಹೆ. ಆದರೆ ಸಿಗ್ನಲ್ ಬಂದ ಪ್ರದೇಶಗಳಲ್ಲಿ, ಬರದ ಪ್ರದೇಶಗಳಿಗೆ ಹೋಲಿಸಿದರೆ, ಹೆರಿಗೆಗಳು ಕಮ್ಮಿಯಾದವು. ಬಡ ಮನೆಗಳಲ್ಲಿ ಇದು ಹೆಚ್ಚಾಗಿ ಕಂಡಿತು. ಇದು ಬರೀ ಕಾಕತಾಳೀಯ ಅಲ್ಲ ಅಂತ ತೋರಿಸಲು ಅವರು ಹುಡುಕಿದ ಸಾಕ್ಷಿ ಚೆನ್ನಾಗಿದೆ: ಮಕ್ಕಳ ಹೆಸರು. ಗ್ಲೋಬೊ ಸಿಗುವ ಊರುಗಳಲ್ಲಿ ಹುಟ್ಟಿದ ಮಕ್ಕಳಿಗೆ ಆ ವರ್ಷದ ಧಾರಾವಾಹಿಯ ಪಾತ್ರಗಳ ಹೆಸರು ಇಡುವುದು ಜಾಸ್ತಿ ಇತ್ತು.

ಗಮನಿಸಿ, ಆ ಪಾತ್ರಗಳು ಯಾರಿಗೂ ಬುದ್ಧಿ ಹೇಳಲಿಲ್ಲ. ಚಿಕ್ಕ ಸಂಸಾರವೂ ಒಂದು ಸಂಸಾರವೇ ಅಂತ ದಿನಾ ಸಂಜೆ ಕಾಣಿಸಿಕೊಂಡವು, ಅಷ್ಟೇ.

ಎಲ್ಲ ಸಲವೂ ಇದು ಒಳ್ಳೆಯದಕ್ಕೇ ಆಗುತ್ತದೆ ಅಂತಲ್ಲ. ಫಿಜಿ ದ್ವೀಪದ ನಾಡ್ರೋಗ ಪ್ರದೇಶಕ್ಕೆ ಟಿವಿ ಬಂದಿದ್ದು 1995ರಲ್ಲಿ. ಅಲ್ಲಿ ಮೈತುಂಬಿಕೊಂಡ ದೇಹವೇ ಆರೋಗ್ಯ, ಅದೇ ಅಂದ. ಯಾರಾದರೂ ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇನೋ ಅಂತ ಚಿಂತೆ ಮಾಡುತ್ತಿದ್ದರು. ಆ್ಯನ್ ಬೆಕರ್ ಅನ್ನುವ ವೈದ್ಯೆ ಶಾಲೆಯ ಹುಡುಗಿಯರನ್ನು ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಕೇಳಿದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ಸುಮಾರು 11%. ಎರಡೂ ಸಲ ಮಾತಾಡಿಸಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನು, ಸಣ್ಣ ಸಂಖ್ಯೆ. ಹಾಗಾಗಿ ಅಂಕಿಗೆ ಜೋತು ಬೀಳಬಾರದು. ಅಂದದ ಅಳತೆಪಟ್ಟಿ ಬದಲಾಗಲು ಒಂದು ತಲೆಮಾರು ಬೇಕು ಅಂತ ನಂಬಿದ್ದವರಿಗೆ ಮಾತ್ರ ಇದು ದಂಗುಬಡಿಸಿತು.

ಡೋನಟ್ ಮತ್ತು ಒಂಬತ್ತು ಸೆಕೆಂಡ್

ಸಂಸತ್ತು, ನ್ಯಾಯಾಲಯ, ಪಕ್ಷ, ಬ್ಯಾಂಕ್, ಶಾಲೆ ಇವನ್ನು ಸಮಾಜಶಾಸ್ತ್ರದವರು ಸಾಮಾಜಿಕ ಸಂಸ್ಥೆಗಳು ಅನ್ನುತ್ತಾರೆ. ಕಟ್ಟಡವಲ್ಲ, ಬೋರ್ಡ್ ಅಲ್ಲ. ಎಲ್ಲರೂ ಒಪ್ಪಿಕೊಂಡು ಬಂದ ರೀತಿ ನೀತಿಗಳ ಕಟ್ಟು. ಇವು ಮಾಧ್ಯಮದ ಅಚ್ಚಿಗೆ ತಕ್ಕಂತೆ ತಮ್ಮನ್ನು ತಾವೇ ತಿದ್ದಿಕೊಳ್ಳುವುದಕ್ಕೆ ಸಂಶೋಧಕರು ಮೀಡಿಯಟೈಸೇಷನ್ ಅಂತ ಬಾಯಿ ತಿರುಗದ ಹೆಸರು ಇಟ್ಟಿದ್ದಾರೆ. ಹೆಸರು ಬಿಡಿ, ವಿಷಯ ನೋಡಿ.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಒಳಗೆ ಟಿವಿ ಕ್ಯಾಮೆರಾ ಬಂದಿದ್ದು 1989ರ ನವೆಂಬರ್‌ನಲ್ಲಿ. ಬೇಡ ಬೇಡ ಅಂತ ವರ್ಷಗಟ್ಟಲೆ ತಡೆದಿದ್ದರು. ಬಂದ ಮೇಲೆ ಸಂಸದರು ಒಂದು ವಿಷಯ ಬೇಗ ಕಲಿತರು. ಮಾತಾಡುವವರ ತಲೆ, ಭುಜ ಮತ್ತು ಅಕ್ಕಪಕ್ಕದ ನಾಲ್ಕಾರು ಸೀಟು, ಕ್ಯಾಮೆರಾಗೆ ಕಾಣುವುದು ಇಷ್ಟೇ. ಸಭೆ ಖಾಲಿ ಹೊಡೆಯುತ್ತಿದ್ದರೂ ಆ ನಾಲ್ಕಾರು ಸೀಟು ತುಂಬಿದರೆ ಮನೆಯಲ್ಲಿ ನೋಡುವವರಿಗೆ ಸದನ ಕಿಕ್ಕಿರಿದಂತೆ ಕಾಣುತ್ತದೆ. ಸರಿ, ಮಾತಾಡಲು ಎದ್ದವರ ಸುತ್ತ ಸ್ವಪಕ್ಷದವರು ಬಂದು ಗುಂಪಾಗಿ ಕೂರತೊಡಗಿದರು. ಮಧ್ಯೆ ಒಬ್ಬರು, ಸುತ್ತ ಉಂಗುರ. ಉಂಗುರದ ಆಕಾರದ ಡೋನಟ್ ತಿಂಡಿ ನೆನಪಿಸುವ ಇದಕ್ಕೆ ಅಲ್ಲಿ ಡೋನಟಿಂಗ್ ಅಂತಲೇ ಹೆಸರು. ಒಂದು ಕಾನೂನೂ ಬದಲಾಗಲಿಲ್ಲ. ಶತಮಾನಗಳಿಂದ ನಡೆದುಬಂದ ಸದನದಲ್ಲಿ ಕೂರುವ ಜಾಗ ಮಾತ್ರ ಬದಲಾಯಿತು.

ಮಾತಿನ ಉದ್ದವೂ ಹೀಗೇ. ಅಮೆರಿಕದ ಟಿವಿ ಸುದ್ದಿಯಲ್ಲಿ ಅಧ್ಯಕ್ಷ ಅಭ್ಯರ್ಥಿಯೊಬ್ಬರು ಅಡ್ಡಿಯಿಲ್ಲದೆ ಮಾತಾಡುವ ತುಣುಕು 1968ರಲ್ಲಿ ಸರಾಸರಿ 43 ಸೆಕೆಂಡ್ ಇತ್ತು. 1988ರಲ್ಲಿ 9 ಸೆಕೆಂಡ್. ಡೇನಿಯಲ್ ಹಾಲಿನ್ ಅನ್ನುವ ಸಂಶೋಧಕರ ಲೆಕ್ಕ ಇದು. 43 ಸೆಕೆಂಡ್‌ನಲ್ಲಿ ಒಂದು ಮಾತು ಹೇಳಿ, ಅದಕ್ಕೆ ಕಾರಣ ಕೊಟ್ಟು, 'ಆದರೆ' ಅಂತ ಒಂದು ಷರತ್ತನ್ನೂ ಸೇರಿಸಬಹುದು. 9 ಸೆಕೆಂಡ್‌ನಲ್ಲಿ 'ಆದರೆ'ಗೆ ಜಾಗ ಇಲ್ಲ. ಗಡಿಯಾರ ಇಟ್ಟುಕೊಂಡು ನೀವೇ ಹೇಳಿ ನೋಡಿ. ಕಾರಣ ಉದುರುತ್ತದೆ, ಷರತ್ತು ಉದುರುತ್ತದೆ, ಉಳಿಯುವುದು ಘೋಷಣೆ. ಹಾಗಾಗಿ ಭಾಷಣ ಬರೆಯುವವರು ಮೊದಲೇ ಒಂಬತ್ತು ಸೆಕೆಂಡ್‌ನ ತುಣುಕು ಬರೆದುಕೊಂಡು, ಅದರ ಸುತ್ತ ಭಾಷಣ ಕಟ್ಟುವುದನ್ನು ಕಲಿತರು. ಸುದ್ದಿಯವರು ಕತ್ತರಿಸುವ ಮೊದಲೇ ಇವರೇ ಕತ್ತರಿಸಿ ಕೊಡುತ್ತಾರೆ.

1960ರ ಅಮೆರಿಕ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ನಡುವಿನ ಚರ್ಚೆಯ ಕಥೆ ಇಲ್ಲಿ ಬರಬೇಕಿತ್ತು, ರೇಡಿಯೊ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ ಅನ್ನಿಸಿತು ಅಂತ. ಅದಕ್ಕಿರುವ ಪುರಾವೆ ತೀರಾ ತೆಳು. ನನಗೆ ಅದಕ್ಕಿಂತ 1933ರ ಮಾರ್ಚ್ 12ರ ರಾತ್ರಿ ಹೆಚ್ಚು ಹೇಳುತ್ತದೆ. ಅಮೆರಿಕದ ಬ್ಯಾಂಕ್‌ಗಳೆಲ್ಲ ಬಾಗಿಲು ಹಾಕಿದ್ದವು. ಜನ ಗಾಬರಿಯಿಂದ ದುಡ್ಡು ಕಿತ್ತುಕೊಂಡು ಮನೆಯಲ್ಲಿ ಬಚ್ಚಿಟ್ಟಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೊದಲ್ಲಿ ಬ್ಯಾಂಕ್ ಹೇಗೆ ಕೆಲಸ ಮಾಡುತ್ತದೆ ಅಂತ ಸುಮ್ನೆ ವಿವರಿಸಿದರು. ಎದುರಿಗೆ ಕೂತು ಮಾತಾಡಿದ ಹಾಗೆ. ಮಾರನೇ ದಿನ ಬ್ಯಾಂಕ್‌ಗಳು ತೆರೆಯತೊಡಗಿದಾಗ ಜನ ಸಾಲುಗಟ್ಟಿ ದುಡ್ಡು ವಾಪಸ್ ಕಟ್ಟಿದರು.

ಮೈಕ್ ಇಲ್ಲದ ಕಾಲದಲ್ಲಿ ನಾಯಕನಾಗಬೇಕಾದರೆ ಸಾವಿರ ಜನರಿಗೆ ಕೇಳುವ ಹಾಗೆ ಕೂಗಬೇಕಿತ್ತು. ರೇಡಿಯೊ ಬಂದ ಮೇಲೆ ಕೂಗುವವನು ಮನೆಯೊಳಗೆ ಬಂದು ಕಿರುಚಿದಂತೆ ಕೇಳಿಸುತ್ತಾನೆ. ಮೆಲ್ಲಗೆ ಮಾತಾಡುವವನು ಗೆಲ್ಲುತ್ತಾನೆ. ನಾಯಕ ಅಂದರೆ ಹೇಗಿರಬೇಕು ಅನ್ನುವ ಕಲ್ಪನೆಯೇ ಒಂದು ಉಪಕರಣದಿಂದ ಬದಲಾಯಿತು.

ಇತ್ತೀಚಿನದು ಇನ್ನೂ ಬೆತ್ತಲೆ. 2018ರಲ್ಲಿ ಫೇಸ್‌ಬುಕ್ ತನ್ನ ಫೀಡ್‌ನ ಲೆಕ್ಕಾಚಾರ ಬದಲಿಸಿತು. ಹೆಚ್ಚು ಕಾಮೆಂಟ್, ಹೆಚ್ಚು ಶೇರ್ ಆಗುವ ಪೋಸ್ಟ್ ಮೇಲೆ ಬರಬೇಕು. ಆಪ್ತರ ನಡುವೆ ಮಾತುಕತೆ ಹೆಚ್ಚಲಿ ಅಂತ ಉದ್ದೇಶ. 2021ರಲ್ಲಿ ಹೊರಬಿದ್ದ ಕಂಪನಿಯ ಒಳಗಿನ ಕಾಗದಗಳಲ್ಲಿ ಪೋಲೆಂಡ್‌ನ ರಾಜಕೀಯ ಪಕ್ಷವೊಂದರ ಅಳಲು ಇದೆ. ಮೊದಲು ನಮ್ಮ ಪೋಸ್ಟ್‌ಗಳಲ್ಲಿ ಅರ್ಧ ಒಳ್ಳೆ ಮಾತು, ಅರ್ಧ ಟೀಕೆ ಇರುತ್ತಿತ್ತು. ಈಗ 80% ಟೀಕೆಯೇ, ಯಾಕೆಂದರೆ ಉಳಿದದ್ದು ಯಾರಿಗೂ ತಲುಪುವುದಿಲ್ಲ. ಪಕ್ಷ ಮಾಧ್ಯಮವನ್ನು ಬಳಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಪಕ್ಷವೇ ಹೇಳುತ್ತಿದೆ, ನಮ್ಮ ಬಾಯಿ ಬದಲಾಗಿದೆ ಅಂತ.

ನನ್ನ ಬಾಯಿಯೂ ಬದಲಾಗಿದೆ. ಮೊನ್ನೆ ಓದಿದ ಒಂದು ಪುಸ್ತಕದ ಬಗ್ಗೆ ನಾಲ್ಕು ಪ್ಯಾರಾ ಬರೆದೆ. ಮೊದಲ ಸಾಲು, ಈ ಪುಸ್ತಕ ನಿಧಾನಕ್ಕೆ ಹಿಡಿಸುತ್ತದೆ ಅಂತ ಇತ್ತು. ಹಾಕುವ ಮೊದಲು ಅಳಿಸಿದೆ. 'ಇಷ್ಟು ದಿನ ನಮಗೆ ಇದನ್ನು ಯಾಕೆ ಯಾರೂ ಹೇಳಲಿಲ್ಲ?' ಅಂತ ಹಾಕಿದೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ಲೈಕ್ ಚೆನ್ನಾಗಿ ಬಂತು. ಕಾಮೆಂಟ್‌ಗಳೆಲ್ಲ ಮೊದಲ ಸಾಲಿನ ಮೇಲೆಯೇ ಜಗಳ. ಪುಸ್ತಕದ ಬಗ್ಗೆ ಒಂದೇ ಒಂದು ಪ್ರಶ್ನೆ ಬಂತು, ಎಷ್ಟು ಪುಟ ಇದೆ ಅಂತ.

ಅಚ್ಚು ಮಾಡಿದವರು ಯಾರು

ಇಷ್ಟೆಲ್ಲ ಓದಿದ ಮೇಲೆ ಯಂತ್ರ ಬಂತು, ಸಮಾಜ ಬಗ್ಗಿತು ಅಂತ ಅನ್ನಿಸಬಹುದು. ಅಷ್ಟು ಸರಳ ಅಲ್ಲ. ಅಚ್ಚನ್ನೂ ಯಾರೋ ಕೂತು ಮಾಡಿರುತ್ತಾರೆ.

ರೇಡಿಯೊ ಶುರುವಿನಲ್ಲಿ ಒಬ್ಬರು ಹೇಳಿ ಕೋಟಿ ಜನ ಕೇಳುವ ವಸ್ತು ಆಗಿರಲಿಲ್ಲ. ಹವ್ಯಾಸಿಗಳು ತಾವೇ ಯಂತ್ರ ಜೋಡಿಸಿಕೊಂಡು ಕಳಿಸುತ್ತಿದ್ದರು, ಕೇಳುತ್ತಿದ್ದರು. 1922ರಲ್ಲಿ ಎರಡು ದೇಶ ಎರಡು ದಾರಿ ಹಿಡಿದವು. ಆ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಒಂದು ಸ್ಟೇಷನ್ ದುಡ್ಡು ತೆಗೆದುಕೊಂಡು ವಸತಿ ಸಮುಚ್ಚಯವೊಂದರ ಜಾಹೀರಾತು ಪ್ರಸಾರ ಮಾಡಿತು. ಅದೇ ವರ್ಷ ಬ್ರಿಟನ್‌ನಲ್ಲಿ ಬಿಬಿಸಿ ಹುಟ್ಟಿತು. ಅಲ್ಲಿ ರೇಡಿಯೊ ಇಟ್ಟುಕೊಂಡವರು ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು, ಜಾಹೀರಾತು ಇಲ್ಲ. ಯಂತ್ರ ಒಂದೇ, ಅಲೆ ಒಂದೇ. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಬೇರೆ. ಒಂದು ಕಡೆ ಕೇಳುಗರನ್ನು ಜಾಹೀರಾತುದಾರರಿಗೆ ಮಾರುವುದೇ ಕಸುಬಾಯಿತು, ಇನ್ನೊಂದು ಕಡೆ ಕೇಳುಗರಿಗೆ ಯಾವುದು ಒಳ್ಳೆಯದು ಅಂತ ಮೇಲಿನವರು ತೀರ್ಮಾನಿಸುವುದು. ಎರಡರಲ್ಲೂ ಹುಳುಕಿದೆ. ಆದರೆ ಇವೆರಡೂ ಮನುಷ್ಯರೇ ಮಾಡಿಕೊಂಡ ಆಯ್ಕೆಗಳು.

ಸುದ್ದಿ ಬರೆಯುವ ರೀತಿಯನ್ನೂ ಬದಲಿಸಬಹುದು. ವಿಯೆನ್ನಾದಲ್ಲಿ 1980ರ ದಶಕದಲ್ಲಿ ಮೆಟ್ರೊ ಹಳಿಯ ಮೇಲೆ ಆತ್ಮಹತ್ಯೆಗಳು ಹೆಚ್ಚಿದವು. ಪೇಪರ್‌ಗಳು ಅವನ್ನು ರೋಚಕವಾಗಿ, ವಿವರ ವಿವರವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರು ಹೇಗೆ ಬರೆಯಬೇಕು ಅಂತ ಸೂಚನೆಗಳನ್ನು ಕೊಟ್ಟರು. ಪೇಪರ್‌ಗಳು ಒಪ್ಪಿಕೊಂಡು ಅಬ್ಬರ ನಿಲ್ಲಿಸಿದವು. ಆರೇ ತಿಂಗಳಲ್ಲಿ ಮೆಟ್ರೊದಲ್ಲಿನ ಆತ್ಮಹತ್ಯೆಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಯಾವ ಕಾನೂನಿನ ಬಲವೂ ಇರಲಿಲ್ಲ.

ಮತ್ತೆ ಕೆಲವು ಸಂಸ್ಥೆಗಳು ಕಾಲೂರಿ ನಿಲ್ಲುತ್ತವೆ. ನ್ಯಾಯಾಲಯಗಳನ್ನೇ ನೋಡಿ. 1935ರಲ್ಲಿ ಅಮೆರಿಕದಲ್ಲಿ ಒಂದು ಮಗುವಿನ ಅಪಹರಣ ಮತ್ತು ಕೊಲೆಯ ವಿಚಾರಣೆ ಫೋಟೊಗ್ರಾಫರ್‌ಗಳ ಜಾತ್ರೆಯಾಯಿತು. ಎರಡು ವರ್ಷದಲ್ಲಿ ಅಲ್ಲಿನ ವಕೀಲರ ಸಂಘ ಕೋರ್ಟಿನಲ್ಲಿ ಕ್ಯಾಮೆರಾ ಬೇಡ ಅಂತ ನಿಯಮ ಮಾಡಿತು. 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಟಿವಿ ಕ್ಯಾಮೆರಾಗಳಿಂದ ವಿಚಾರಣೆ ಕೆಟ್ಟಿತು ಅಂತ ಒಂದು ಶಿಕ್ಷೆಯನ್ನೇ ರದ್ದು ಮಾಡಿತು. 1981ರಲ್ಲಿ ಅದೇ ಕೋರ್ಟ್, ರಾಜ್ಯಗಳು ಬೇಕಾದರೆ ಕ್ಯಾಮೆರಾ ಬಿಟ್ಟುಕೊಳ್ಳಬಹುದು ಅಂತ ಸಡಿಲಿಸಿತು. ತನ್ನ ಸ್ವಂತ ಕೋಣೆಗೆ ಮಾತ್ರ ಇವತ್ತಿಗೂ ಬಿಟ್ಟುಕೊಂಡಿಲ್ಲ. ಧ್ವನಿ ಕೇಳಬಹುದು, ನೋಡುವ ಹಾಗಿಲ್ಲ. ಇದು ಹಠವಾ, ಜಾಣತನವಾ ಅಂತ ವಾದ ನಡೆದೇ ಇದೆ. ನನಗೇನೋ ಜಾಣತನ ಅನ್ನಿಸುತ್ತದೆ. ಎಷ್ಟು ಬಗ್ಗಬೇಕು ಅಂತ ಅವರೇ ಅಳೆದು ನೋಡುತ್ತಿದ್ದಾರೆ.

ವಿಂಬಲ್ಡನ್ ಕೂಡ ಹಾಗೇ ಅಳೆಯಿತು. ಹಳದಿ ಚೆಂಡಿಗೆ 1972ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಬೇರೆಯವರು ಒಬ್ಬೊಬ್ಬರಾಗಿ ತೆಗೆದುಕೊಂಡರು. ವಿಂಬಲ್ಡನ್ ಹದಿನಾಲ್ಕು ವರ್ಷ ಬಿಳಿ ಚೆಂಡಿಗೇ ಅಂಟಿಕೊಂಡು, 1986ರಲ್ಲಿ ಸೋತಿತು. ಆಟಗಾರರ ಬಟ್ಟೆ ಅಲ್ಲಿ ಈಗಲೂ ಬಿಳಿಯೇ.